ಯಾರೂ ಮುಟ್ಟದ ಸೆಟ್ಟಿಂಗು

ಆಫೀಸಿನಲ್ಲಿ ಅವಳಿಗೆ 'ಪ್ರಶ್ನೆಪತ್ರಿಕೆ' ಎಂದು ಹೆಸರಿಟ್ಟವನು ಪಕ್ಕದ ಮೇಜಿನ ಗಡ್ಡದವನು. ಬೆನ್ನ ಹಿಂದೆ ಹುಟ್ಟಿದ ಹೆಸರು ಕೆಲವೇ ತಿಂಗಳಲ್ಲಿ ಎದುರಿಗೇ ಓಡಾಡತೊಡಗಿತು. ಅವಳಿಗೇನೂ ಬೇಸರವಾಗಲಿಲ್ಲ. ಪ್ರಶ್ನೆ ಕೇಳಿಯೇ ಅವಳು ಹೊಟ್ಟೆ ಹೊರೆಯುತ್ತಿದ್ದದ್ದು. ಅವರ ಕಂಪನಿ ಮಾಡುತ್ತಿದ್ದ ಸಾಫ್ಟ್‌ವೇರು ಹತ್ತಾರು ಕಂಪ್ಯೂಟರುಗಳನ್ನು ಒಟ್ಟು ಸೇರಿಸಿ, ಒಂದು ದೊಡ್ಡ ಕೆಲಸವನ್ನು ತುಂಡು ತುಂಡು ಮಾಡಿ ಅವುಗಳಿಗೆ ಹಂಚುತ್ತಿತ್ತು. ಕೊಂಡುಕೊಂಡವರಿಗೆ ಏನಾದರೂ ತೊಡಕಾದರೆ ಫೋನು ಮಾಡುತ್ತಿದ್ದರು. ಆ ಫೋನು ಎತ್ತುವವಳು ಅವಳು. "ಯಾವಾಗಿನಿಂದ ಹೀಗಾಗ್ತಿದೆ? ಅದಕ್ಕೂ ಮುಂಚೆ ಏನಾದ್ರೂ ಮುಟ್ಟಿದ್ರಾ? ಯಾರೂ ಮುಟ್ಟಿಲ್ವಾ? ಸರಿಯಾಗಿ ನೆನಪು ಮಾಡ್ಕೊಳ್ಳಿ" ಎಂದು ಕೇಳಿ ಕೇಳಿ, ಮನೆಯಲ್ಲಿ ಹಾಲು ಒಡೆದರೂ ಅಕ್ಕನನ್ನು ಅದೇ ಧಾಟಿಯಲ್ಲಿ ವಿಚಾರಣೆ ಮಾಡುವ ಮಟ್ಟಕ್ಕೆ ಬಂದಿದ್ದಳು.

ಅಕ್ಕ ಎಂದರೆ ಒಡಹುಟ್ಟಿದವಳು, ಅವಳಿಗಿಂತ ಎಂಟು ವರ್ಷ ದೊಡ್ಡವಳು. ಭಾವ ತೀರಿಕೊಂಡ ಮೇಲೆ ಇಬ್ಬರೂ ಒಂದೇ ಮನೆಯಲ್ಲಿದ್ದರು. ಕೆಳಗೆ ಅಕ್ಕನ ಹೊಲಿಗೆ ಅಂಗಡಿ, ಮೇಲೆ ಎರಡು ಕೋಣೆ, ನಡುವೆ ಏರುವಾಗೆಲ್ಲ ಕಿರುಗುಟ್ಟುವ ಮರದ ಮೆಟ್ಟಿಲು. ತಂಗಿಗೆ ಮದುವೆಯ ಮಾತು ಎರಡು ಸಲ ಬಂದು ಎರಡು ಸಲವೂ ಹೊಸ್ತಿಲು ದಾಟದೆ ಹೋಗಿತ್ತು. ಅಕ್ಕ ಅದನ್ನು ಆಗಾಗ ಎತ್ತಿ ಆಡುತ್ತಿದ್ದಳು. "ಬಂದವನನ್ನ ಕೂರಿಸ್ಕೊಂಡು ಅಷ್ಟೊಂದು ಪ್ರಶ್ನೆ ಕೇಳಿದ್ರೆ ಯಾವನು ನಿಲ್ತಾನೆ ಹೇಳು" ಎನ್ನುವಳು. ಬಾಯಲ್ಲಿ ಯಾವಾಗಲೂ ನಾಲ್ಕು ಗುಂಡುಪಿನ್ನು ಕಚ್ಚಿಕೊಂಡಿರುತ್ತಿದ್ದರಿಂದ ಅಕ್ಕನ ಎಷ್ಟೋ ಬೈಗುಳಗಳು ಅರ್ಧಂಬರ್ಧವೇ ಹೊರಗೆ ಬರುತ್ತಿದ್ದವು.

ಒಂದು ಮಧ್ಯಾಹ್ನ ಮುದ್ರಣಾಲಯದಿಂದ ಫೋನು ಬಂತು. ಶಾಲೆಯ ಪಠ್ಯಪುಸ್ತಕ ಅಚ್ಚು ಮಾಡುವ ದೊಡ್ಡ ಮುದ್ರಣಾಲಯ ಅದು. ಮಾತಾಡಿದವರು ಅಲ್ಲಿ ಕಂಪ್ಯೂಟರು ನೋಡಿಕೊಳ್ಳುವವರು. ಯಂತ್ರಗಳ ಸದ್ದಿನ ಮೇಲೆ ಕೂಗಿ ಕೂಗಿ ಗಂಟಲು ಕಟ್ಟಿಹೋಗಿತ್ತು. ಪುಟಗಳನ್ನು ಅಚ್ಚಿಗೆ ಹದ ಮಾಡುವ ಕೆಲಸ ವಾರದಿಂದ ವಾರಕ್ಕೆ ಹಿಂದೆ ಬೀಳುತ್ತಿತ್ತಂತೆ. ಶಾಲೆ ಶುರುವಾಗುವ ಕಾಲ ಹತ್ತಿರ ಬಂದಿತ್ತು. ಯಜಮಾನರು ಇವರ ಕಡೆಗೇ ಬೆರಳು ತೋರಿಸುತ್ತಿದ್ದರು. ಕೊನೆಗೆ ಇವರು ಹಿಂದಿನ ಸಾಲಿಗೆ ಹೋಗಿ ಒಂದೊಂದೇ ಕಂಪ್ಯೂಟರನ್ನು ತಡಕಿ ನೋಡಿದರೆ, ಮೂರರಲ್ಲೊಂದು ಪಾಲು ಕೆಲಸ ಬಿಟ್ಟು ಕೂತಿದ್ದವು. ದೀಪ ಮಾತ್ರ ಹಸಿರಾಗಿ ಉರಿಯುತ್ತಿತ್ತು.

"ಮೇಡಂ, ಒಂದು ಮಾತು ಕೇಳ್ತೀನಿ" ಎಂದರು ಅವರು. "ಈ ಮೆಷಿನ್ನುಗಳು ಕೆಲಸ ಬಿಟ್ಟಿದ್ದು ನಿಮ್ಮ ಸಾಫ್ಟ್‌ವೇರಿಗೆ ಗೊತ್ತಿತ್ತಾ?"

"ಗೊತ್ತಿತ್ತು ಸರ್. ಅದಕ್ಕೇ ಅವುಗಳ ಪಾಲಿನ ಕೆಲಸಾನ ಉಳಿದವಕ್ಕೆ ಹಂಚಿರೋದು."

"ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?"

"ಈವೆಂಟ್ ಮಾನಿಟರಿಂಗ್ ಅಂತ ಇದೆ ಸರ್. ಅದನ್ನ ಆನ್ ಮಾಡಿದ್ರೆ ಹೇಳುತ್ತೆ. ನೀವು ಹೇಳು ಅಂತ ಅದಕ್ಕೆ ಹೇಳಿರ್ಲಿಲ್ಲ."

ಅವರು ಸಿಟ್ಟಿಲ್ಲದೆ, ತೀರ ಮೆಲ್ಲಗೆ ಅಂದರು. "ಮನೆಗೆ ಬೆಂಕಿ ಬಿದ್ರೆ ಕೂಗು ಅಂತ ಪಕ್ಕದ ಮನೆಯವರಿಗೆ ನಾವು ಮೊದಲೇ ಹೇಳಿರ್ಬೇಕಾ ಮೇಡಂ?"

ಅವಳು ಫೋನಿಟ್ಟ ಮೇಲೆ ಕೈಪಿಡಿಯ ಆ ಪುಟ ತೆಗೆದಳು. ವರ್ಷಗಟ್ಟಲೆ ಜನರಿಗೆ ಓದಿ ಹೇಳಿದ್ದ ಪುಟ. ಡೀಫಾಲ್ಟ್ ಎಂದರೆ, ಹೊಸದಾಗಿ ಹಾಕಿಕೊಂಡವರು ಏನನ್ನೂ ಮುಟ್ಟದಿದ್ದರೆ ಸಾಫ್ಟ್‌ವೇರು ತಾನಾಗಿ ನಡೆದುಕೊಳ್ಳುವ ರೀತಿ. ಅದರ ಪ್ರಕಾರ ಮಾನಿಟರಿಂಗ್ ಮುಚ್ಚಿಯೇ ಇರುತ್ತಿತ್ತು. ಕಂಪ್ಯೂಟರು ಗುಂಪು ಬಿಟ್ಟು ಹೋಗುವುದು 'ಸಾಮಾನ್ಯ ಘಟನೆ' ಎಂಬ ಪಟ್ಟಿಯಲ್ಲಿತ್ತು, ಏಕೆಂದರೆ ಉಳಿದವು ಅದರ ಕೆಲಸ ಎತ್ತಿಕೊಳ್ಳುತ್ತವಲ್ಲ. ಓದುತ್ತ ಓದುತ್ತ ಅವಳ ಕಿವಿ ಬಿಸಿಯಾಯಿತು. ಮುದ್ರಣಾಲಯದವರಿಗೆ ತಾನು ಕೊಟ್ಟ ಉತ್ತರದಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಆದರೂ ಅದನ್ನು ಇನ್ನೊಬ್ಬರಿಗೆ ಹೇಳಲು ಇನ್ನು ನಾಲಿಗೆ ಏಳಲಾರದು ಎನ್ನಿಸಿತು.

ಆಫೀಸಿನಲ್ಲಿ ಎಲ್ಲರೂ 'ದೊಡ್ಡವರು' ಎನ್ನುತ್ತಿದ್ದ ಮುಖ್ಯ ಎಂಜಿನಿಯರರ ಕೋಣೆಗೆ ಅವಳು ಅದೇ ಸಂಜೆ ಹೋದಳು. ಅವರು ಕನ್ನಡಕ ಹಣೆಯ ಮೇಲೇರಿಸಿ ಪೂರ್ತಿ ಕೇಳಿಸಿಕೊಂಡರು.

"ಅದನ್ನ ಇಟ್ಟಿದ್ದು ನಾನೇ" ಎಂದರು. "ಕಂಪನಿ ಶುರುವಾದ ಹೊಸತರಲ್ಲಿ. ಆಗಿನ ಮೆಷಿನ್ನುಗಳು ಆಮೆ ಥರ. ಒಂದೊಂದು ಘಟನೆ ಬರೆದಿಡೋಕೂ ಒದ್ದಾಡ್ತಿದ್ವು. ಆಫ್ ಇರ್ಲಿ, ಬೇಕಾದವರು ಆನ್ ಮಾಡ್ಕೋತಾರೆ ಅಂದ್ಕೊಂಡೆ. ಊಟ ಆದ್ಮೇಲೆ ಕೂತು ಅರ್ಧ ಗಂಟೇಲಿ ಮುಗಿಸಿದ ಕೆಲಸ ಅದು."

"ಯಾರಾದ್ರೂ ಆನ್ ಮಾಡ್ಕೊಂಡಿದಾರಾ ಸರ್?"

"ಅದು ನಿಮಗೆ ಗೊತ್ತಿರ್ಬೇಕಮ್ಮ. ಫೋನು ಎತ್ತೋರು ನೀವು."

ಮಾರನೆಯ ದಿನದಿಂದ ಫೋನು ಮಾಡಿದವರನ್ನೆಲ್ಲ ಅವಳು ಕೊನೆಯಲ್ಲಿ ಒಂದು ಪ್ರಶ್ನೆ ಹೆಚ್ಚಿಗೆ ಕೇಳತೊಡಗಿದಳು. "ನಿಮ್ಮಲ್ಲಿ ಮಾನಿಟರಿಂಗ್ ಆನ್ ಇದೆಯಾ?" ಮುಕ್ಕಾಲು ಪಾಲು ಜನ ತಿರುಗಿ ಕೇಳಿದ್ದು ಒಂದೇ: "ಅದೆಲ್ಲಿರುತ್ತೆ?" ತಿಂಗಳ ಕೊನೆಗೆ ಅವಳು ಇದನ್ನೆಲ್ಲ ದೊಡ್ಡವರ ಮುಂದಿಟ್ಟಳು. ಅವರು ತಡಮಾಡಲಿಲ್ಲ. ಫೋನಿನ ಮೇಜಿಗೆ ಬೇರೆಯವರನ್ನು ಹಾಕಿ, ಅವಳನ್ನು ಮಾನಿಟರಿಂಗ್ ಕೆಲಸಕ್ಕೆ ತೆಗೆದುಕೊಂಡರು. ಕೋಡು ಬರೆಯಲು ಜೊತೆಗೆ ಗಡ್ಡದವನನ್ನು ಕೊಟ್ಟರು.

ಅವಳು ಮಾಡಿದ ಮೊದಲ ಕೆಲಸ, ಎಲ್ಲವನ್ನೂ ತೆರೆದಿಟ್ಟದ್ದು. ಕಂಪ್ಯೂಟರು ಬಂದರೂ ಸುದ್ದಿ, ಹೋದರೂ ಸುದ್ದಿ. ಕೆಲಸ ಶುರುವಾದರೆ, ಮುಗಿದರೆ, ತಡವಾದರೆ, ಕೈ ಬದಲಾಯಿಸಿದರೆ, ಪ್ರತಿಯೊಂದಕ್ಕೂ ಒಂದು ಇಮೇಲು.

ಗಡ್ಡದವನು ಮೂಗು ಮುರಿದ. "ಎಲ್ಲಾ ಹೇಳ್ತಾ ಕೂತ್ರೆ ಯಾರೂ ಕೇಳಿಸ್ಕೊಳ್ಳಲ್ಲ ಮೇಡಂ."

"ಕೇಳಿಸ್ಕೊಳ್ಳೋದು ಬಿಡೋದು ಅವರಿಗೆ ಬಿಟ್ಟಿದ್ದು. ನಾವು ಬಾಯಿ ಮುಚ್ಕೊಂಡು ಕೂರೋದು ಬೇಡ" ಎಂದಳು ಅವಳು. ಆ ಮುದ್ರಣಾಲಯದವರ ಮಾತು ಇನ್ನೂ ಅವಳ ಎದೆಯಲ್ಲಿ ಚುಚ್ಚುತ್ತಿತ್ತು. ಬೇರೆ ಮಾತು ಆಗ ಕಿವಿಗೆ ಬೀಳುವಂತಿರಲಿಲ್ಲ.

ಹೊಸ ಆವೃತ್ತಿ ಗ್ರಾಹಕರ ಕೈ ಸೇರಿತು. ಮೊದಲ ದಿನ ಶಾಂತವಾಗಿತ್ತು. ಆಮೇಲೆ ಫೋನುಗಳು ಹೊಡೆದುಕೊಳ್ಳಲು ಶುರುವಾದದ್ದು ನಿಲ್ಲಲೇ ಇಲ್ಲ. ನಕ್ಷೆ ತಯಾರಿಸುವ ಒಂದು ಕಚೇರಿಯಲ್ಲಿ ಇವರ ಸಾಫ್ಟ್‌ವೇರಿನ ಇಮೇಲುಗಳೇ ತುಂಬಿ, ಅವರಿಗೆ ಬರಬೇಕಾದ ಹೊರಗಿನ ಪತ್ರಗಳು ಬರದೆ ಹೋದವಂತೆ. ಅಲ್ಲಿನ ಹೆಂಗಸೊಬ್ಬರು, "ನಿಮ್ಮ ಸಾಫ್ಟ್‌ವೇರಿಗೆ ಮಾತು ಕಲಿಸಿದ್ದು ಯಾರ್ರೀ? ಅದಕ್ಕೆ ಸುಮ್ನಿರೋದನ್ನೂ ಕಲಿಸಿ" ಎಂದು ಫೋನು ಕುಕ್ಕಿದರು. ಜನ ಒಬ್ಬೊಬ್ಬರಾಗಿ ಮಾನಿಟರಿಂಗನ್ನು ಬುಡಸಮೇತ ಮುಚ್ಚಿದರು. ಮೊದಲಿನಿಂದ ಅದನ್ನು ತೆರೆದಿಟ್ಟುಕೊಂಡಿದ್ದ ಕೆಲವರೂ ಈಗ ಮುಚ್ಚಿದರು. ಮೊದಲು ಇದ್ದಷ್ಟು ನಿಗಾ ಕೂಡ ಈಗ ಉಳಿಯಲಿಲ್ಲ.

ಅವಳು ಧೈರ್ಯ ಮಾಡಿ ಮುದ್ರಣಾಲಯಕ್ಕೆ ಫೋನು ಹಚ್ಚಿದಳು.

"ಬೈಬೇಡಿ ಮೇಡಂ" ಎಂದರು ಕಂಪ್ಯೂಟರಿನವರು. "ನಾನೂ ಆಫ್ ಮಾಡ್ಬಿಟ್ಟೆ. ಎಷ್ಟು ಅಂತ ಓದ್ಲಿ? ಇನ್ನೊಂದು ವಿಷಯ. ಹೋದ ವಾರ, ಆಫ್ ಮಾಡೋಕೆ ಮುಂಚೆ, ಮತ್ತೊಂದು ಮೆಷಿನ್ನು ಕೈ ಕೊಡ್ತು. ನಿಮ್ಮ ಇಮೇಲು ಬಂದಿತ್ತು, ಆಮೇಲೆ ಹುಡುಕಿದಾಗ ಸಿಕ್ತು. ಆವತ್ತು ನಂಗೆ ಕಾಣ್ಲೇ ಇಲ್ಲ."

ಬೈಯುವ ಮಾತೆಲ್ಲಿ ಬಂತು. ಹಿಂದೆ ಹೇಳದೆ ಕೆಡಿಸಿದ್ದೆವು, ಈಗ ಹೇಳಿ ಕೆಡಿಸಿದ್ದೇನೆ ಎಂದುಕೊಂಡಳು.

ದೊಡ್ಡವರು ಸಭೆ ಕರೆದರು. ಯಾರನ್ನೂ ಜರೆಯಲಿಲ್ಲ. ಮುಂದಿನ ಆವೃತ್ತಿಯಲ್ಲಿ ಮಾನಿಟರಿಂಗ್ ಮೊದಲಿನಂತೆ ಮುಚ್ಚಿರಲಿ ಎಂದು ತೀರ್ಮಾನವಾಯಿತು. ಗಡ್ಡದವನು ಗೆದ್ದವನಂತೆ ನಡೆದುಕೊಳ್ಳದೆ ಸುಮ್ಮನೆ ತನ್ನ ಲೋಟದ ಚಹಾ ನೋಡುತ್ತಿದ್ದ. ಅದಕ್ಕಾಗಿ ಅವನ ಮೇಲೆ ಅವಳಿಗೆ ಮೊದಲ ಸಲ ಒಳ್ಳೆಯ ಅಭಿಪ್ರಾಯ ಬಂತು.

ಮನೆಯಲ್ಲಿ ಅಕ್ಕ ಸಮವಸ್ತ್ರದ ಅಂಚು ಮಡಿಸುತ್ತ ಎಲ್ಲವನ್ನೂ ಕೇಳಿದಳು. ಈ ಸಲ ಬಾಯಲ್ಲಿದ್ದ ಪಿನ್ನುಗಳನ್ನು ತೆಗೆದಿಟ್ಟೇ ಮಾತಾಡಿದಳು.

"ಸಾಕು ಬಿಡೇ. ನಿನ್ನ ಕೈಲಾದಷ್ಟು ಮಾಡಿದೆ. ವಾಪಸ್ ಫೋನಿನ ಕೆಲಸಕ್ಕೇ ಹೋಗು. ನೆಮ್ಮದಿಯಾಗಿದ್ದೆ."

"ಎಲ್ಲಿ ತಪ್ಪಿದೆ ಅಂತ ಗೊತ್ತಾಗದೆ ಹೇಗೆ ಬಿಡ್ಲಿ?"

"ಗೊತ್ತಾದ್ರೆ ಬಿಡ್ತೀಯಾ?"

"ಗೊತ್ತಾದ್ಮೇಲೆ ಬಿಡೋದ್ಯಾಕೆ, ಸರಿ ಮಾಡ್ತೀನಿ."

"ಈ ಹಠ ಅಪ್ಪನ ಕಡೆಯಿಂದ ಬಂದಿದ್ದು" ಎಂದು ಅಕ್ಕ ಮತ್ತೆ ಪಿನ್ನು ಕಚ್ಚಿಕೊಂಡಳು. ಇನ್ನು ಮಾತು ಮುಗಿಯಿತು ಎಂಬುದಕ್ಕೆ ಅದೇ ಸಂಕೇತ.

ಅವಳು ದೊಡ್ಡವರ ಹತ್ತಿರ ರಜೆ ಕೇಳಿದಳು. ರಜೆಯಲ್ಲಿ ಏನು ಮಾಡುತ್ತೀರಿ ಎಂದು ಅವರು ಕೇಳಿದ್ದಕ್ಕೆ, ಮುದ್ರಣಾಲಯದಲ್ಲಿ ಕೂರುತ್ತೇನೆ ಎಂದಳು. ಅವರು ರಜೆಯ ಅರ್ಜಿಯನ್ನು ಹರಿದು ಬುಟ್ಟಿಗೆ ಹಾಕಿ, ಅದನ್ನು ಕೆಲಸವೆಂದೇ ಬರೆದುಕೊಂಡರು. "ಇನ್ನೊಂದೇ ಸಲ" ಎಂದರು. "ಮತ್ತೆ ಕೆಟ್ರೆ ನನ್ನ ಮಾತೂ ಯಾರೂ ಕೇಳಲ್ಲ."

ಮುದ್ರಣಾಲಯದ ಕಂಪ್ಯೂಟರು ಕೋಣೆ ಅಚ್ಚಿನ ಯಂತ್ರಗಳ ನೆತ್ತಿಯ ಮೇಲಿತ್ತು. ಯಂತ್ರ ಓಡುವಾಗ ನೆಲ ನಡುಗಿ, ಮೇಜಿನ ಮೇಲಿಟ್ಟ ಪೆನ್ನು ತಾನಾಗಿ ಅಂಚಿನವರೆಗೆ ನಡೆದು ಹೋಗುತ್ತಿತ್ತು. ಮಸಿಯ ವಾಸನೆ ಬಟ್ಟೆಗೆ ಮೆತ್ತಿಕೊಳ್ಳುತ್ತಿತ್ತು. ಕಂಪ್ಯೂಟರಿನವರು ಎತ್ತರದ ಆಳು. ಎದುರಿಗೆ ಸಿಕ್ಕಾಗ ಫೋನಿನಲ್ಲಿ ಕೇಳಿದ್ದಕ್ಕಿಂತ ಸಣ್ಣ ದನಿ. ಅವಳಿಗೊಂದು ಮರದ ಕುರ್ಚಿ ಹಾಕಿಕೊಟ್ಟು, "ನೋಡಿ ಮೇಡಂ, ನನ್ನಲ್ಲಿ ನೋಡುವಂಥದ್ದು ಏನೂ ಇಲ್ಲ" ಎಂದು ನಾಚಿಕೊಂಡರು.

ಅವಳು ನೋಡಿದಳು. ಅವರು ಪರದೆಯ ಮುಂದೆ ಕೂರುತ್ತಿದ್ದದ್ದೇ ಕಡಿಮೆ. ಬಣ್ಣ ಸರಿಯಿಲ್ಲ ಎಂದು ಕೆಳಗಿನಿಂದ ಕೂಗು ಬಂದರೆ ಇಳಿದು ಹೋಗಬೇಕು. ಕಾಗದ ಸಿಕ್ಕಿಕೊಂಡರೆ ಹೋಗಬೇಕು. ಯಜಮಾನರು ಕರೆದರಂತೂ ಓಡಬೇಕು. ಇಮೇಲು ತೆರೆಯುತ್ತಿದ್ದದ್ದು ಬೆಳಿಗ್ಗೆ ಬಂದ ಕೂಡಲೇ ಒಮ್ಮೆ, ಚಹಾಕ್ಕೆ ಮುಂಚೆ ಒಮ್ಮೆ. ಓದುತ್ತಿದ್ದದ್ದು ಮೊದಲ ಸಾಲು ಮಾತ್ರ. ಆಫೀಸಿನಲ್ಲಿ ಅವಳು ಕಲ್ಪಿಸಿಕೊಂಡಿದ್ದ ಮನುಷ್ಯ ಬೇರೆ. ಇಡೀ ದಿನ ಪರದೆಗೆ ಕಣ್ಣು ನೆಟ್ಟು ಕೂತು, ಬಂದ ಸುದ್ದಿಯನ್ನೆಲ್ಲ ತೂಗಿ ನೋಡುವವನು ಅವನು. ಅಂಥವನು ಈ ಕಟ್ಟಡದಲ್ಲಿರಲಿಲ್ಲ. ಬೇರೆ ಕಟ್ಟಡದಲ್ಲೂ ಇರಲಾರ ಎಂದು ಅವಳಿಗೆ ಹೊಳೆಯಿತು.

ಸ್ವಲ್ಪ ಬಿಡುವಾದಾಗ ಅವಳು ಘಟನೆಗಳ ಹೆಸರನ್ನು ಒಂದೊಂದಾಗಿ ಓದಿ ಕೇಳಿದಳು.

"ಒಂದು ಕೆಲಸ ಮುಗೀತು ಅಂತ ಸುದ್ದಿ ಬಂದ್ರೆ ಏನ್ಮಾಡ್ತೀರಿ ಸರ್?"

"ಏನೂ ಮಾಡಲ್ಲ."

"ಮೆಷಿನ್ನು ಒಂದು ನಿಮಿಷ ಹೋಗಿ ವಾಪಸ್ ಬಂತು ಅಂದ್ರೆ?"

"ಬಂತಲ್ಲ, ಇನ್ನೇನು?"

"ಹೋದದ್ದು ವಾಪಸ್ ಬರ್ಲೇ ಇಲ್ಲ ಅಂದ್ರೆ?"

"ಎದ್ದು ಹೋಗ್ತೀನಿ."

ಅವಳ ಪೆನ್ನು ಅಲ್ಲೇ ನಿಂತಿತು. ಅಲ್ಲಿಂದ ಮುಂದೆ ಅವಳು ಕೇಳಿದ್ದು ಅದೊಂದೇ. ಈ ಸುದ್ದಿ ಬಂದರೆ ಕುರ್ಚಿ ಬಿಟ್ಟು ಏಳುತ್ತೀರಾ? ಇದಕ್ಕೆ? ಇದಕ್ಕೆ? ನೂರಾರು ಘಟನೆಗಳಲ್ಲಿ ಅವರನ್ನು ಎಬ್ಬಿಸುವಂಥವು ಕೈಬೆರಳಿನಲ್ಲಿ ಎಣಿಸುವಷ್ಟು. ಹೋದ ಕಂಪ್ಯೂಟರು ಬಾರದಿದ್ದರೆ. ಕೆಲಸದ ಸಾಲು ಮುಂದಕ್ಕೆ ಸರಿಯದೆ ನಿಂತರೆ. ಡಿಸ್ಕು ತುಂಬುತ್ತ ಬಂದರೆ. ಒಂದೇ ಕೆಲಸ ಮತ್ತೆ ಮತ್ತೆ ಬಿದ್ದುಹೋದರೆ.

ಕೊನೆಯ ದಿನ ಅವರೇ ಒಂದು ಪ್ರಶ್ನೆ ಕೇಳಿದರು. "ಮೇಡಂ, ಸುದ್ದಿ ಹೇಳೋದೇ ಸತ್ತು ಹೋದ್ರೆ ನಂಗೆ ಹೇಗೆ ಗೊತ್ತಾಗ್ಬೇಕು? ಮೇಲು ಬಂದಿಲ್ಲ, ಎಲ್ಲಾ ಚೆನ್ನಾಗಿದೆ ಅಂತ ನಾನು ಆರಾಮಾಗಿ ಕೂತಿರ್ತೀನಿ."

ಇದು ಅವಳಿಗೂ ಹೊಳೆದಿರಲಿಲ್ಲ, ಗಡ್ಡದವನಿಗೂ ಹೊಳೆದಿರಲಿಲ್ಲ.

ಅವಳು ಅಲ್ಲಿಗೇ ನಿಲ್ಲಿಸಲಿಲ್ಲ. ಒಬ್ಬರ ಮಾತು ನಂಬಿ ಎಲ್ಲರಿಗೂ ಒಂದೇ ಅಳತೆಯ ಅಂಗಿ ಹೊಲಿಯಬಾರದು ಎಂಬಷ್ಟು ಅಕ್ಕನ ಅಂಗಡಿಯನ್ನು ದಿನಾ ನೋಡುವವಳಿಗೆ ಗೊತ್ತಿತ್ತು. ಫೋನು ಕುಕ್ಕಿದ್ದ ನಕ್ಷೆ ಕಚೇರಿಯ ಹೆಂಗಸನ್ನೂ ಹೋಗಿ ಕಂಡಳು. ಆಕೆ ಮೊದಲು ಮುಖ ಊದಿಸಿಕೊಂಡೇ ಇದ್ದರು. "ಮತ್ತೆ ಮೇಲು ಕಳಿಸೋಕೆ ಬಂದ್ರಾ?" ಎಂದರು. "ಯಾವುದು ಕಳಿಸ್ಬಾರ್ದು ಅಂತ ಕೇಳೋಕೆ ಬಂದೆ" ಎಂದಳು ಇವಳು. ಆಕೆ ಕುರ್ಚಿ ಎಳೆದು ಕೊಟ್ಟರು. ಕುರ್ಚಿಯಿಂದ ಎಬ್ಬಿಸುವ ಸುದ್ದಿಗಳು ಅಲ್ಲೂ ಹೆಚ್ಚುಕಡಿಮೆ ಅವೇ. ಡಿಸ್ಕಿನ ವಿಷಯದಲ್ಲಿ ಮಾತ್ರ ಆಕೆ ಬೇಡವೆಂಬಂತೆ ತಲೆ ಅಲ್ಲಾಡಿಸಿದರು. ಅವರೊಬ್ಬರಿಗೇ ಇರಬಹುದು ಎಂದುಕೊಂಡು ಅವಳು ಅದನ್ನು ಪಟ್ಟಿಯಲ್ಲೇ ಉಳಿಸಿಕೊಂಡಳು.

ಆಫೀಸಿನಲ್ಲಿ ಗಡ್ಡದವನು ಪಟ್ಟಿ ನೋಡಿ, "ಇಷ್ಟೇನಾ?" ಎಂದ.

"ಇಷ್ಟೇ. ಉಳಿದದ್ದನ್ನೆಲ್ಲ ಬರೆದಿಡೋಣ, ಬೇಕಾದವರು ಹುಡುಕಿ ನೋಡ್ಲಿ. ಆದ್ರೆ ಎಬ್ಬಿಸೋದು ಬೇಡ."

ಬೆಳಿಗ್ಗೆ ಒಮ್ಮೆ, ಸುದ್ದಿ ಏನೂ ಇಲ್ಲದಿದ್ದರೂ 'ನಾನು ಎಚ್ಚರವಾಗಿದ್ದೇನೆ' ಎಂಬ ಒಂದು ಸಾಲು ಹೋಗಬೇಕು ಎಂದು ಅವಳು ಹೇಳಿದಾಗ ಜಗಳ ಹತ್ತಿತು. ಖಾಲಿ ಸುದ್ದಿ ಕಳಿಸಿದರೆ ಮತ್ತೆ ಜನ ರೇಗುತ್ತಾರೆ ಎಂದು ಗಡ್ಡದವನ ವಾದ. ದೊಡ್ಡವರೂ ಅವನ ಪರವೇ ವಾಲಿದರು. ಅವಳು ಪಟ್ಟು ಬಿಡಲಿಲ್ಲ. ಮುದ್ರಣಾಲಯದವರು ಕೇಳಿದ ಪ್ರಶ್ನೆಯನ್ನು ಇವರಿಬ್ಬರ ಮುಂದಿಟ್ಟು, "ಇದಕ್ಕೆ ನಿಮ್ಮ ಹತ್ರ ಬೇರೆ ಉತ್ತರ ಇದ್ರೆ ಹೇಳಿ, ನಾನು ಈಗ್ಲೇ ಈ ಸಾಲು ಹೊಡೆದು ಹಾಕ್ತೀನಿ" ಎಂದಳು. ಇಬ್ಬರೂ ಎರಡು ದಿನ ಯೋಚಿಸಿದರು. ಕೊನೆಗೆ ಗಡ್ಡದವನೇ ಬಂದು, ಆ ಸಾಲು ಬೇರೆ ಇಮೇಲಾಗಿ ಹೋಗುವುದು ಬೇಡ, ಕೆಲಸದವರು ಬೆಳಿಗ್ಗೆ ಹೇಗಿದ್ದರೂ ತೆರೆಯುವ ಪುಟದ ನೆತ್ತಿಯ ಮೇಲೇ ಕಾಣಲಿ, ತಪ್ಪಿದರೆ ಅಲ್ಲೇ ಕೆಂಪಾಗಲಿ ಎಂದ. ಅವಳು ಯೋಚಿಸಿ ಒಪ್ಪಿದಳು. ಅವಳ ದಾರಿಗಿಂತ ಅದು ಚೆನ್ನಾಗಿತ್ತು.

ಪ್ರತಿ ಸೆಟ್ಟಿಂಗಿನ ಪಕ್ಕದಲ್ಲಿ ಇದು ಯಾಕೆ ಹೀಗಿದೆ ಎಂದು ಒಂದೆರಡು ಸಾಲು ಬರೆಯಬೇಕೆಂದೂ ಅವಳು ಹಟ ಹಿಡಿದಳು. ಮುಂದೆ ಈ ಮೇಜಿಗೆ ಬರುವವರು ಯಾರ ಅರ್ಧ ಗಂಟೆಯ ತೀರ್ಮಾನವನ್ನೂ ಕಣ್ಣು ಮುಚ್ಚಿ ನಂಬಬಾರದು, ತನ್ನದನ್ನೂ ಸೇರಿಸಿ ಎಂದಳು. ದೊಡ್ಡವರು ನಕ್ಕು, "ನನ್ನದನ್ನಂತೂ ಖಂಡಿತ ಬೇಡ" ಎಂದರು.

ಹಿಂದೆ ಮುಚ್ಚಿದ್ದವರಿಗೂ ಮಾನಿಟರಿಂಗ್ ಮತ್ತೆ ತೆರೆದುಕೊಳ್ಳುವಂತೆ ಎರಡನೆಯ ಸಲ ಆವೃತ್ತಿ ಹೊರಟಿತು. ಒಂದು ದಿನ ಕಳೆಯಿತು, ಒಂದು ವಾರ ಕಳೆಯಿತು. ಫೋನುಗಳು ಸುಮ್ಮನಿದ್ದವು. ಎಲ್ಲರೂ ಖುಷಿಯಾದರು, ಅವಳಿಗೆ ಮಾತ್ರ ಜೀವ ಕೈಯಲ್ಲಿತ್ತು. ಜನ ಸುಮ್ಮನಿರುವುದು ಎಲ್ಲ ಸರಿ ಇರುವುದರಿಂದಲೋ, ಮತ್ತೆ ಎಲ್ಲವನ್ನೂ ಮುಚ್ಚಿಬಿಟ್ಟಿದ್ದರಿಂದಲೋ ಹೇಗೆ ತಿಳಿಯುವುದು? ಅವಳು ಹಳೆಯ ಫೋನಿನ ಮೇಜಿಗೆ ಹೋಗಿ ಕೂತು, ಗ್ರಾಹಕರಿಗೆ ತಾನೇ ಫೋನು ಮಾಡಿದಳು.

"ಮಾನಿಟರಿಂಗ್ ಸೆಟ್ಟಿಂಗ್ ಏನಾದ್ರೂ ಬದಲಾಯಿಸಿದೀರಾ?"

"ಯಾವ ಸೆಟ್ಟಿಂಗು? ನಾವು ಏನೂ ಮುಟ್ಟಿಲ್ಲಪ್ಪ."

ಬಹುಪಾಲು ಜನ ಹೇಳಿದ್ದು ಇದೇ ಮಾತು. ಮುಟ್ಟಿಲ್ಲ. ಕೆಲವರು ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ ಹೆದರಿ ಹೇಳಿದರು. ಪ್ರತಿ ಸಲ ಆ ಮಾತು ಕೇಳಿದಾಗ ಅವಳ ಹೆಗಲಿನ ಬಿಗಿ ಒಂದಿಷ್ಟು ಸಡಿಲವಾಗುತ್ತಿತ್ತು. ಇಬ್ಬರು ಮುಚ್ಚಿದ್ದರು. ಅವರಲ್ಲಿ ಒಬ್ಬರು ಕಾರಣ ಹೇಳಲಿಲ್ಲ. ಇನ್ನೊಬ್ಬರು ನಕ್ಷೆ ಕಚೇರಿಯ ಹೆಂಗಸು. ಡಿಸ್ಕಿನ ಸುದ್ದಿಯೊಂದನ್ನು ಮಾತ್ರ ಮುಚ್ಚಿದ್ದರು.

ಮುದ್ರಣಾಲಯದವರು ಒಂದು ಮಧ್ಯಾಹ್ನ ತಾವಾಗಿಯೇ ಫೋನು ಮಾಡಿದರು. ಹಿಂದಿನ ಸಾಲಿನ ಕಂಪ್ಯೂಟರು ಹೋಗಿದೆ ಎಂದು ಸುದ್ದಿ ಬಂತಂತೆ. ಎದ್ದು ಹೋಗಿ ನೋಡಿದರೆ, ಕಸ ಗುಡಿಸುವವರು ಫ್ಯಾನು ಹಾಕಿಕೊಳ್ಳಲು ಅದರ ಪ್ಲಗ್ಗು ಕಿತ್ತಿದ್ದರಂತೆ. "ಅವರಿಗೆ ಬೇರೆ ಪ್ಲಗ್ಗು ತೋರಿಸ್ಕೊಟ್ಟೆ ಮೇಡಂ. ಚಹಾ ಆರೋದ್ರೊಳಗೆ ವಾಪಸ್ ಬಂದು ಕೂತೆ" ಎಂದರು. ಅವಳು ತುಂಬ ಹೊತ್ತು ನಗುತ್ತಿದ್ದಳು. ಕಾರಣ ಹೇಳಿದ ಮೇಲೆ ಗಡ್ಡದವನೂ ನಕ್ಕ.

ಆದರೆ ಡಿಸ್ಕಿನ ವಿಷಯ ಅವಳನ್ನು ಬಿಡಲಿಲ್ಲ. ನಕ್ಷೆ ಕಚೇರಿಯಲ್ಲಿ ಡಿಸ್ಕು ಯಾವಾಗಲೂ ಮುಕ್ಕಾಲು ತುಂಬಿಯೇ ಇರುತ್ತದೆ. ಅವರ ಕಸುಬೇ ಅಂಥದ್ದು. ಅವರಿಗೆ ದಿನಾ ಬೆಳಿಗ್ಗೆ ಸುಳ್ಳು ಗಾಬರಿ. ಎಷ್ಟು ತುಂಬಿದೆ ಎಂದು ನೋಡುವುದು ತಪ್ಪು, ಎಷ್ಟು ಬೇಗ ತುಂಬುತ್ತಿದೆ ಎಂದು ನೋಡಬೇಕು ಎಂದು ಅವಳು ಗಡ್ಡದವನಿಗೆ ಹೇಳಿದಳು.

"ಮೇಡಂ, ಒಬ್ಬರು ಮುಚ್ಚಿದಾರೆ, ಅಷ್ಟೇ ತಾನೆ. ಇದು ತಿಂಗಳುಗಟ್ಟಲೆ ಕೆಲಸ."

"ನಾವು ಮಾತಾಡಿದವರಲ್ಲಿ ಒಬ್ಬರು. ಮಾತಾಡದೆ ಇರೋರು ಎಷ್ಟು ಜನ ಇದಾರೋ."

ಅವನು ಗಡ್ಡ ಕೆರೆದುಕೊಂಡ. "ಮೊದಲು ಅವರಲ್ಲಿ ಡಿಸ್ಕು ಹೇಗೆ ತುಂಬುತ್ತೆ ಅಂತ ಗೊತ್ತಾಗ್ಬೇಕು. ಇಲ್ಲಿ ಕೂತು ಊಹೆ ಮಾಡಿದ್ರೆ ಮತ್ತೆ ಮೊದಲಿನ ಕಥೆನೇ."

"ಅದಕ್ಕೇ ಸೋಮವಾರದಿಂದ ಅಲ್ಲಿಗೆ ಹೋಗ್ತಿದೀನಿ" ಎಂದಳು ಅವಳು.

ಆ ಭಾನುವಾರ ಅಕ್ಕ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು, ಉಳಿದ ಬಟ್ಟೆ ತುಂಡುಗಳಿಂದ ಕುರ್ಚಿಯ ಮೇಲೆ ಹಾಕಿಕೊಳ್ಳುವ ದಪ್ಪ ದಿಂಬೊಂದನ್ನು ಹೊಲಿದಳು. ನಕ್ಷೆ ಕಚೇರಿಯ ಕುರ್ಚಿಗಳೂ ಬರೀ ಮರದವೇ ಎಂದು ತಂಗಿ ಯಾವಾಗಲೋ ಹೇಳಿದ್ದಳು. "ಎಷ್ಟು ದಿನ ಕೂರ್ತೀಯೋ ನಿಂಗೇ ಗೊತ್ತಿಲ್ಲ. ಸೊಂಟ ನೋವು ಅಂತ ನನ್ನ ಹತ್ರ ಬರ್ಬೇಡ" ಎಂದು ದಿಂಬನ್ನು ಅವಳ ಚೀಲಕ್ಕೆ ತುರುಕಿದಳು. ಚೀಲದ ಜಿಪ್ಪು ಹಾಕಲಾಗಲಿಲ್ಲ. ಸೋಮವಾರ ಬೆಳಿಗ್ಗೆ ಅವಳು ಬಾಯಿ ತೆರೆದ ಚೀಲವನ್ನೇ ಹೆಗಲಿಗೇರಿಸಿ, ಮೊದಲ ಬಸ್ಸು ಹಿಡಿಯಲು ಬೇಗ ಬೇಗ ಹೆಜ್ಜೆ ಹಾಕಿದಳು.